ಕಳೆ ಬೆಳೆಯುತ್ತದೆ ಎಂದವರು: ಅಯ್ಯನ್‌ಕಾಳಿ ಗದ್ದೆಯಿಂದ ಪ್ರಜಾಸಭೆಗೆ ಬಂದ ದಾರಿ

ಎಲ್ಲರಿಗೂ ನಮಸ್ಕಾರ.

ತಿರುವನಂತಪುರಕ್ಕೆ ಹೋದವರು ಪಾಳಯಂ ಹತ್ತಿರ ಒಂದು ಹಳೆಯ ಟೌನ್ ಹಾಲ್ ನೋಡಿರಬಹುದು. 1896ರಲ್ಲಿ ವಿಕ್ಟೋರಿಯಾ ರಾಣಿಯ ಜ್ಯೂಬಿಲಿ ನೆನಪಿಗೆ ಕಟ್ಟಿದ್ದು. ನೂರಕ್ಕೂ ಜಾಸ್ತಿ ವರ್ಷ ಊರಿನವರು ಅದನ್ನು ವಿಜೆಟಿ ಹಾಲ್ ಎಂದೇ ಕರೆದರು. 2019ರಲ್ಲಿ ಕೇರಳ ಸರ್ಕಾರ ಅದರ ಹೆಸರು ಬದಲಿಸಿತು. ಈಗ ಅದು ಅಯ್ಯನ್‌ಕಾಳಿ ಹಾಲ್.

ಈ ಹೆಸರನ್ನು ಸುಮ್ನೆ ಇಟ್ಟದ್ದಲ್ಲ. ತಿರುವಾಂಕೂರು ಸಂಸ್ಥಾನದ ಶ್ರೀಮೂಲಂ ಪ್ರಜಾಸಭೆ ಸೇರುತ್ತಿದ್ದದ್ದು ಅಲ್ಲೇ. ಜಮೀನ್ದಾರರು, ವ್ಯಾಪಾರಿಗಳು, ವಕೀಲರು ಕೂರುತ್ತಿದ್ದ ಆ ಸಭೆಯಲ್ಲಿ 1912ರ ಫೆಬ್ರವರಿಯಲ್ಲಿ ಒಬ್ಬ ಸದಸ್ಯರು ಮೊದಲ ಸಲ ಎದ್ದು ಮಾತಾಡಿದರು. ತಲೆಗೆ ಪೇಟ, ಮೈಮೇಲೆ ಉದ್ದನೆಯ ಕೋಟು. ಓದು ಬರಹ ಕಲಿತವರಲ್ಲ. ಪುಲಯ ಜಾತಿಯವರು, ಅಂದರೆ ತಲೆತಲಾಂತರದಿಂದ ಇನ್ನೊಬ್ಬರ ಗದ್ದೆಯಲ್ಲಿ ದುಡಿದ ಜನ. ಇವತ್ತು ನಾನು ಮಾತಾಡಲು ಬಂದಿರುವುದು ಅವರ ಬಗ್ಗೆ.

ಶಾಸಕರ ಜೀವನ ಎಂದರೆ ನಾವು ಸಾಮಾನ್ಯವಾಗಿ ಚುನಾವಣೆಯಿಂದ ಶುರು ಮಾಡುತ್ತೇವೆ. ಅಯ್ಯನ್‌ಕಾಳಿ ಚುನಾವಣೆಗೆ ನಿಂತವರಲ್ಲ. ಅವರನ್ನು ಸಭೆಗೆ ನಾಮನಿರ್ದೇಶನ ಮಾಡಲಾಯಿತು. ಹಾಗೆಂದು ಅದು ಮೇಲಿನವರು ಕೊಟ್ಟ ಉಡುಗೊರೆ ಎಂದು ನಾನು ಒಪ್ಪುವುದಿಲ್ಲ. ಆ ಕುರ್ಚಿಯನ್ನು ಅವರಿಗೆ ಗಳಿಸಿಕೊಟ್ಟದ್ದು ಗದ್ದೆಯ ಆಳುಗಳು. ಅದು ಹೇಗೆ ಎಂದು ಹೇಳುತ್ತೇನೆ.

ಅವರು ಹುಟ್ಟಿದ್ದು 1863ರ ಆಗಸ್ಟ್ 28ರಂದು. ಊರು ವೆಂಗಾನೂರು. ತಿರುವನಂತಪುರದ ದಕ್ಷಿಣಕ್ಕೆ, ಈಗ ದೊಡ್ಡ ಬಂದರು ಬಂದಿರುವ ವಿಳಿಂಜಂ ಹತ್ತಿರ. ಅಪ್ಪ ಅಯ್ಯನ್, ಅಮ್ಮ ಮಾಲ. ಮಗನಿಗೆ ಇಟ್ಟ ಹೆಸರು ಕಾಳಿ. ಅಪ್ಪನ ಹೆಸರೂ ಸೇರಿ ಅಯ್ಯನ್‌ಕಾಳಿ ಆಯಿತು.

ತಿರುವಾಂಕೂರಿನಲ್ಲಿ ಗುಲಾಮಗಿರಿಯನ್ನು ಕಾನೂನಿನಿಂದ ತೆಗೆದದ್ದು 1855ರಲ್ಲಿ. ಅಂದರೆ ಅಯ್ಯನ್‌ಕಾಳಿ ಹುಟ್ಟುವುದಕ್ಕೆ ಬರೀ ಎಂಟು ವರ್ಷ ಮೊದಲು. ಅದಕ್ಕೂ ಮುಂಚೆ ಪುಲಯರನ್ನು ಜಮೀನಿನ ಜೊತೆಗೇ ಮಾರುತ್ತಿದ್ದರು, ಅಡವಿಡುತ್ತಿದ್ದರು. ಕಾನೂನು ಬದಲಾಯಿತು, ಗದ್ದೆ ಬದಲಾಗಲಿಲ್ಲ. ಬೆಳಗ್ಗೆಯಿಂದ ಸಂಜೆವರೆಗೆ ದುಡಿದವರಿಗೆ ನೆಲದಲ್ಲಿ ಗುಂಡಿ ತೋಡಿ, ಎಲೆ ಹಾಸಿ, ಅದರಲ್ಲಿ ಗಂಜಿ ಸುರಿಯುತ್ತಿದ್ದರು. ರಸ್ತೆ ಅವರದ್ದಲ್ಲ. ಸಂತೆ ಅವರದ್ದಲ್ಲ. ಕೋರ್ಟಿಗೆ ಹೋದರೂ ಒಳಗೆ ಹೋಗುವಂತಿಲ್ಲ, ದೂರ ನಿಂತು ಹೇಳಬೇಕು. ಮೈಮೇಲೆ ಬಿಳಿ ಬಟ್ಟೆ ಹಾಕುವಂತಿಲ್ಲ. ಗದ್ದೆಯಲ್ಲಿ ಭತ್ತ ಬೆಳೆದದ್ದು ಅವರ ಕೈಯಿಂದ. ಆದರೆ ಆ ಕೈ ತಗುಲಿದರೆ ಮೈಲಿಗೆ!

1893ರಲ್ಲಿ, ಮೂವತ್ತು ವರ್ಷ ವಯಸ್ಸಿನಲ್ಲಿ, ಅಯ್ಯನ್‌ಕಾಳಿ ಒಂದು ವಿಲ್ಲುವಂಡಿ ಕೊಂಡರು. ನಮ್ಮ ಕಡೆ ಕಮಾನು ಗಾಡಿ ಎನ್ನುತ್ತೇವಲ್ಲ, ಅಂಥದ್ದು. ಊರಿನ ದೊಡ್ಡವರು ಮಾತ್ರ ಕೂರುತ್ತಿದ್ದ ಗಾಡಿ. ಬಿಳಿ ಎತ್ತು ಕಟ್ಟಿದರು. ಬಿಳಿ ಬಟ್ಟೆ ಹಾಕಿದರು, ತಲೆಗೆ ಪೇಟ ಸುತ್ತಿದರು. ರಾಜರಸ್ತೆಯಲ್ಲಿ ಗಾಡಿ ಹೊಡೆದರು. ತಡೆಯಲು ಬಂದವರಿಗೆ ಹೆದರಲಿಲ್ಲ. ಕಾಗದದ ಮೇಲೆ ಸರ್ಕಾರಿ ರಸ್ತೆ ಎಲ್ಲರಿಗೂ ತೆರೆದಿತ್ತು. ಅದನ್ನು ನೆಲದ ಮೇಲೆ ನಿಜ ಮಾಡಲು ಒಬ್ಬ ಮನುಷ್ಯ ಗಾಡಿ ಹತ್ತಬೇಕಾಯಿತು. ಆಮೇಲೆ ಬಾಲರಾಮಪುರದ ಕಡೆ ಜನರನ್ನು ಕಟ್ಟಿಕೊಂಡು ನಡೆದುಹೋದಾಗ ಬೀದಿಯಲ್ಲೇ ಹೊಡೆದಾಟವಾಯಿತು. ಎರಡೂ ಕಡೆ ರಕ್ತ ಹರಿಯಿತು.

ಇಲ್ಲಿ ನನಗೆ ನಮ್ಮ ಮಂಗಳೂರಿನ ಕುದ್ಮುಲ್ ರಂಗರಾಯರು ನೆನಪಾಗುತ್ತಾರೆ. ಅದೇ ಕಾಲದಲ್ಲಿ ಅವರು ದಲಿತ ಮಕ್ಕಳಿಗಾಗಿ ಶಾಲೆ ತೆರೆದು ಊರಿನ ವಿರೋಧ ಕಟ್ಟಿಕೊಂಡಿದ್ದರು. ತಮ್ಮ ಶಾಲೆಯಲ್ಲಿ ಕಲಿತ ಮಕ್ಕಳು ನೌಕರಿ ಹಿಡಿದು ಊರಿನ ರಸ್ತೆಯಲ್ಲಿ ಕಾರಿನಲ್ಲಿ ಓಡಾಡಬೇಕು, ಆ ಧೂಳು ತಮ್ಮ ತಲೆಗೆ ತಾಗಬೇಕು ಎಂಬುದು ರಾಯರ ಆಸೆಯಾಗಿತ್ತು. ಅಲ್ಲೂ ಗಾಡಿ, ರಸ್ತೆ, ಶಾಲೆ. ಇಲ್ಲೂ ಅದೇ ಮೂರು. ಆದರೆ ವೆಂಗಾನೂರಿನಲ್ಲಿ ಗಾಡಿಯ ಹಗ್ಗ ಹಿಡಿದವರು ಪುಲಯರೇ ಆಗಿದ್ದರು.

ರಸ್ತೆ ಆಯಿತು, ಮುಂದಿನದು ಶಾಲೆ. 1904ರ ಸುಮಾರಿಗೆ ವೆಂಗಾನೂರಿನಲ್ಲಿ ಅವರೇ ಒಂದು ಶಾಲೆ ಕಟ್ಟಿದರು. ವಿರೋಧಿಗಳು ಅದನ್ನು ರಾತ್ರೋರಾತ್ರಿ ನಾಶ ಮಾಡಿದರು. ಅಯ್ಯನ್‌ಕಾಳಿ ಮತ್ತೆ ಕಟ್ಟಿದರು. 1907ರಲ್ಲಿ ಸಾಧುಜನ ಪರಿಪಾಲನ ಸಂಘ ಹುಟ್ಟಿತು. ಊರೂರಿಗೆ ಶಾಖೆ. ಕೂಲಿಯವರಿಂದಲೇ ಚಂದಾ. ವಾರದಲ್ಲಿ ಏಳು ದಿನವೂ ದುಡಿಯುತ್ತಿದ್ದವರಿಗೆ ಒಂದು ದಿನ ಬಿಡುವು ಬೇಕು ಎಂದು ಸಂಘ ಕೇಳಿತು. ಸರ್ಕಾರಿ ಕೋರ್ಟಿನ ಒಳಗೆ ಬಿಡದಿದ್ದಾಗ ತಮ್ಮದೇ ನ್ಯಾಯದ ಕಟ್ಟೆಯನ್ನೂ ಮಾಡಿಕೊಂಡರು. ಇದೊಂದು ಜಾತಿ ಸಂಘ ಮಾತ್ರ ಎಂದು ಬರೆಯುವವರಿದ್ದಾರೆ. ನನ್ನ ಮಟ್ಟಿಗೆ ಇದು ಕೃಷಿ ಕೂಲಿಕಾರರ ಯೂನಿಯನ್ನೂ ಹೌದು. ಚಂದಾ, ಶಾಖೆ, ರಜೆಯ ಬೇಡಿಕೆ, ಮುಷ್ಕರ. ಇನ್ನೇನು ಬೇಕು?

ಮುಷ್ಕರದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು.

ಪುಲಯ ಮಕ್ಕಳನ್ನು ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಬೇಕು ಎಂದು ಸರ್ಕಾರ ಹೇಳಿತ್ತು. ಮುಖ್ಯೋಪಾಧ್ಯಾಯರು ಕಿವಿಗೆ ಹಾಕಿಕೊಳ್ಳಲಿಲ್ಲ. ಊರಿನ ಧಣಿಗಳು ಬಿಡಲಿಲ್ಲ. ಆಗ ಅಯ್ಯನ್‌ಕಾಳಿ ಹೇಳಿದ ಮಾತು ಕೇರಳದಲ್ಲಿ ಇವತ್ತಿಗೂ ಎಲ್ಲರ ಬಾಯಲ್ಲಿದೆ. ನಮ್ಮ ಮಕ್ಕಳಿಗೆ ಪಾಠ ಹೇಳಿಕೊಡದಿದ್ದರೆ ನಿಮ್ಮ ಗದ್ದೆಗಳಲ್ಲಿ ಕಳೆ ಬೆಳೆಸುತ್ತೇವೆ.

ನಾನು ಗದ್ದೆ ಬಯಲಿನ ಊರಿನವನು. ಈ ಮಾತಿನ ತೂಕ ನನಗೆ ಗೊತ್ತು. ನಾಟಿ ಹತ್ತು ದಿನ ತಡವಾದರೆ ಏನಾಗುತ್ತದೆ, ಕಳೆ ಕೀಳುವ ಹೊತ್ತಿಗೆ ಆಳು ಬಾರದಿದ್ದರೆ ಏನಾಗುತ್ತದೆ ಎಂದು ನಮ್ಮ ಮನೆಯಲ್ಲಿ ಕಂಡಿದ್ದೇನೆ. ಕಾರ್ಖಾನೆಯ ಯಂತ್ರ ನಿಂತರೆ ಮತ್ತೆ ಗುಂಡಿ ಒತ್ತಬಹುದು. ಮಳೆ ನಿಮಗಾಗಿ ಕಾಯುವುದಿಲ್ಲ. ಹದ ತಪ್ಪಿದರೆ ಆ ವರ್ಷದ ಬೆಳೆ ಹೋಯಿತು. ಗದ್ದೆಯ ಆಳಿಗೆ ಅಕ್ಷರ ಬಾರದೇ ಇರಬಹುದು, ಈ ಲೆಕ್ಕ ಚೆನ್ನಾಗಿ ಬರುತ್ತದೆ.

ಆಳುಗಳು ಗದ್ದೆಗೆ ಇಳಿಯಲಿಲ್ಲ. ಈ ಮುಷ್ಕರದ ಕಾಲವನ್ನು ಸಾಮಾನ್ಯವಾಗಿ 1907-08 ಎಂದು ಗುರುತಿಸುತ್ತಾರೆ. ಸುಮಾರು ಒಂದು ವರ್ಷ ನಡೆಯಿತು. ಒಂದು ವರ್ಷ! ಅವರ ಮನೆಯಲ್ಲಿ ಕಣಜ ಇರಲಿಲ್ಲ. ಅವತ್ತಿನ ಕೂಲಿ ಅವತ್ತಿನ ಊಟಕ್ಕೆ. ಜಮೀನ್ದಾರರು ಮೊದಲು ನಕ್ಕರು. ಹಸಿವಾದರೆ ತಾವಾಗಿಯೇ ಬರುತ್ತಾರೆ ಎಂದರು. ಹೊಡೆಸಿದರು, ಗುಡಿಸಲು ಸುಡಿಸಿದರು. ಕೊನೆಗೆ ತಾವೇ ಗದ್ದೆಗೆ ಇಳಿದು ನೋಡಿದರು. ಆಗಲಿಲ್ಲ. ಕೆಸರಿನಲ್ಲಿ ದಿನವಿಡೀ ಬೆನ್ನು ಬಗ್ಗಿಸಿ ನಿಲ್ಲುವುದು ಒಂದು ದಿನದಲ್ಲಿ ಬರುವ ವಿದ್ಯೆಯಲ್ಲ.

ಪುಲಯರ ಮನೆಗಳಲ್ಲಿ ಹಸಿವು ಶುರುವಾದಾಗ ಅಯ್ಯನ್‌ಕಾಳಿ ವಿಳಿಂಜಂ ಕಡಲ ಕರೆಯ ಮೀನುಗಾರರ ಹತ್ತಿರ ಹೋದರು. ಒಂದೊಂದು ಮನೆಯಿಂದ ಒಬ್ಬೊಬ್ಬರನ್ನು ದೋಣಿಗೆ ಕರೆದುಕೊಳ್ಳಿ, ಮೀನಿನಲ್ಲಿ ಪಾಲು ಕೊಡಿ ಎಂದು ಕೇಳಿಕೊಂಡರು. ಮೀನುಗಾರರು ಒಪ್ಪಿದರು. ಈ ಇಡೀ ಕತೆಯಲ್ಲಿ ನನಗೆ ತುಂಬಾ ಇಷ್ಟವಾಗುವ ಭಾಗ ಇದೇ. ಅವರದ್ದು ಬೇರೆ ಜಾತಿ, ಬೇರೆ ಧರ್ಮ, ಬೇರೆ ಕಸುಬು. ಅವರೇನೂ ಶ್ರೀಮಂತರಲ್ಲ. ಆದರೂ ದೋಣಿಯಲ್ಲಿ ಜಾಗ ಕೊಟ್ಟರು. ಬಡವರು ಬಡವರಿಗೆ ಹೀಗೆ ಹೆಗಲು ಕೊಟ್ಟದ್ದು ಇತಿಹಾಸದ ಪುಸ್ತಕಗಳಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಆ ಒಂದು ಸಾಲು ಇಲ್ಲದಿದ್ದರೆ ಮುಷ್ಕರವೇ ಉಳಿಯುತ್ತಿರಲಿಲ್ಲ.

ಕೊನೆಗೆ ಸರ್ಕಾರ ಮಧ್ಯೆ ಬರಬೇಕಾಯಿತು. ಮ್ಯಾಜಿಸ್ಟ್ರೇಟರಾಗಿದ್ದ ಕಂಡಲ ನಾಗಂ ಪಿಳ್ಳೆ ರಾಜಿ ಮಾಡಿಸಿದರು. ಕೂಲಿ ಜಾಸ್ತಿಯಾಯಿತು. ಶಾಲೆಗೆ ಸೇರುವ ಹಕ್ಕನ್ನು, ರಸ್ತೆಯಲ್ಲಿ ನಡೆಯುವ ಹಕ್ಕನ್ನು ಒಪ್ಪಿಕೊಂಡರು. ಸ್ವಲ್ಪ ಯೋಚಿಸಿ ನೋಡಿ. ರಷ್ಯಾದ ಕ್ರಾಂತಿ ಆದದ್ದು 1917ರಲ್ಲಿ. ಕೇರಳದಲ್ಲಿ ಕಮ್ಯುನಿಸ್ಟ್ ಪಕ್ಷ ಬಂದದ್ದು ಅದಕ್ಕೂ ಎಷ್ಟೋ ವರ್ಷ ಆಮೇಲೆ. ಅದಕ್ಕಿಂತ ಮೊದಲೇ ಓದು ಬಾರದ ಕೂಲಿಗಳು ಮಕ್ಕಳ ಓದಿಗಾಗಿ ವರ್ಷ ಪೂರ್ತಿ ಕೆಲಸ ಬಿಟ್ಟಿದ್ದರು. ಕೂಲಿ ಹೆಚ್ಚಿಸಿ ಎಂದು ಮುಷ್ಕರ ಮಾಡಿದವರು ಬೇಕಾದಷ್ಟು ಜನರಿದ್ದಾರೆ. ಪಾಠ ಹೇಳಿಕೊಡಿ ಎಂದು ಹೊಟ್ಟೆ ಕಟ್ಟಿ ಕೂತವರು ಎಷ್ಟು ಜನ?

ಈಗ ಸಭೆಯ ವಿಷಯಕ್ಕೆ ಬರೋಣ. ಅದಕ್ಕೆ ನಮ್ಮ ಮೈಸೂರಿನ ನಂಟು ಇದೆ. ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಶುರುವಾದದ್ದು 1881ರಲ್ಲಿ, ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ. ದಸರಾ ಹೊತ್ತಿಗೆ ಪ್ರತಿನಿಧಿಗಳು ಬಂದು ಅಹವಾಲು ಹೇಳಿಕೊಳ್ಳುತ್ತಿದ್ದರು. ಮೈಸೂರು ಸರ್ಕಾರದಲ್ಲಿ ಬಹುಕಾಲ ಕೆಲಸ ಮಾಡಿದ್ದ ವಿ.ಪಿ. ಮಾಧವರಾಯರು 1904ರಲ್ಲಿ ತಿರುವಾಂಕೂರಿಗೆ ದಿವಾನರಾಗಿ ಹೋದರು. ಅದೇ ವರ್ಷ ಅಲ್ಲಿ ಶ್ರೀಮೂಲಂ ಪ್ರಜಾಸಭೆ ಶುರುವಾಯಿತು. ಆಮೇಲೆ 1906ರಲ್ಲಿ ಮಾಧವರಾಯರು ಮೈಸೂರಿನ ದಿವಾನರಾಗಿ ವಾಪಸು ಬಂದರು. ಹಾಗಾಗಿ ಆ ಸಭೆ ನಮಗೆ ತೀರಾ ಪರಕೀಯವೇನಲ್ಲ.

ಆದರೆ ಅದಕ್ಕೆ ಕಾನೂನು ಮಾಡುವ ಅಧಿಕಾರ ಇರಲಿಲ್ಲ. ವರ್ಷಕ್ಕೊಮ್ಮೆ ಸೇರುತ್ತಿತ್ತು. ಸದಸ್ಯರು ಕಷ್ಟ ಹೇಳಿಕೊಳ್ಳಬಹುದು, ಸರ್ಕಾರ ಉತ್ತರ ಕೊಡುತ್ತದೆ, ಅಷ್ಟೇ. ಆರಿಸುವ ಹಕ್ಕೂ ಹೆಚ್ಚಾಗಿ ಆಸ್ತಿವಂತರದ್ದು. ಪುಲಯರ ಪರವಾಗಿ ಮೊದಲು ಮಾತಾಡಲು ನೇಮಕವಾದವರು ಸುಭಾಷಿಣಿ ಪತ್ರಿಕೆಯ ಸಂಪಾದಕ ಪಿ.ಕೆ. ಗೋವಿಂದ ಪಿಳ್ಳೆ. ಅವರು ಮೇಲ್ಜಾತಿಯವರು. 1911ರಲ್ಲಿ ಸಭೆಯಲ್ಲಿ ಎದ್ದು ಪುಲಯರ ಕಷ್ಟ ವಿವರಿಸಿದ ಅವರು, ಈ ಜನರ ಮಾತನ್ನು ಅವರಲ್ಲೇ ಒಬ್ಬರು ಬಂದು ಹೇಳುವಂತಾಗಬೇಕು ಎಂದೂ ಕೇಳಿದರು. ತಮ್ಮ ಜಾಗ ಬಿಟ್ಟುಕೊಡಲು ಸಿದ್ಧರಿದ್ದ ಇಂಥವರನ್ನೂ ನಾವು ಮರೆಯಬಾರದು. ದಿವಾನ್ ಪಿ. ರಾಜಗೋಪಾಲಾಚಾರಿ ಒಪ್ಪಿದರು. 1911ರ ಡಿಸೆಂಬರಿನಲ್ಲಿ ಅಯ್ಯನ್‌ಕಾಳಿ ಪ್ರಜಾಸಭೆಯ ಸದಸ್ಯರಾದರು.

ಗದ್ದೆಗಳು ಬೀಡು ಬೀಳದಿದ್ದರೆ ಈ ಒಪ್ಪಿಗೆ ಬರುತ್ತಿತ್ತಾ? ನನಗೆ ಹಾಗನ್ನಿಸುವುದಿಲ್ಲ. ದಿವಾನರು ಒಳ್ಳೆಯವರೇ ಇರಬಹುದು. ಆದರೆ ಅವರ ಮುಂದೆ ಬಂದು ನಿಂತವರ ಹಿಂದೆ ಎಷ್ಟು ಸಾವಿರ ಕೈಗಳಿವೆ ಎಂದು ಅವರಿಗೆ ಆಗಲೇ ಗೊತ್ತಾಗಿತ್ತು.

ಸಭೆಗೆ ಹೋಗಿ ಅವರು ಕೇಳಿದ್ದೇನು? ಭೂಮಿ. ಯಾರ ಹೆಸರಿನಲ್ಲೂ ಇಲ್ಲದ ಸರ್ಕಾರಿ ಬಂಜರು ಜಮೀನನ್ನು ಪುಲಯರ ಹೆಸರಿಗೆ ಬರೆದುಕೊಡಿ ಎಂದರು. ಅಲ್ಲಿ ಅದನ್ನು ಪುದುವಲ್ ಭೂಮಿ ಎನ್ನುತ್ತಾರೆ. ಇದು ಯಾಕೆ ಮೊದಲು? ಆಳು ಗುಡಿಸಲು ಹಾಕಿಕೊಂಡಿರುವುದು ಧಣಿಯ ನೆಲದಲ್ಲಿ. ಮಗುವನ್ನು ಶಾಲೆಗೆ ಕಳಿಸಿದರೆ ಧಣಿ ಗುಡಿಸಲು ಕೀಳಿಸುತ್ತಾನೆ. ಸ್ವಂತ ಕಾಲು ಎಕರೆ ಇದ್ದರೂ ಆ ಹೆದರಿಕೆ ಇಲ್ಲ. ಭೂಮಿ, ಶಾಲೆ, ಕೂಲಿ ಎಲ್ಲಾ ಒಂದೇ ಹಗ್ಗದ ಎಳೆಗಳು ಎಂದು ಅವರಿಗೆ ಗೊತ್ತಿತ್ತು. ಇದನ್ನು ಪುಸ್ತಕದಲ್ಲಿ ಓದಿ ತಿಳಿದದ್ದಲ್ಲ.

ಭೂಮಿ ಮಂಜೂರಾಯಿತು. ಆದರೆ ಊರಿನ ಪಟ್ಟಭದ್ರರು ಅಡ್ಡ ಹಾಕಿದರು, ಕೆಳಗಿನ ಅಧಿಕಾರಿಗಳು ಕಾಗದ ಮುಂದೆ ಕಳಿಸಲಿಲ್ಲ. ಮುಂದಿನ ವರ್ಷ ಅವರು ಮತ್ತೆ ಎದ್ದು ಅದನ್ನೇ ಹೇಳಿದರು. ಅದರ ಮುಂದಿನ ವರ್ಷವೂ. ಶಾಲೆ ಸೇರಿಸಿಕೊಳ್ಳುತ್ತಿಲ್ಲ, ಫೀಸು ಮಾಫಿ ಮಾಡಿ, ಓದಿದವರಿಗೆ ಸರ್ಕಾರಿ ಕೆಲಸ ಕೊಡಿ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲ ಇದೇ ಕೆಲಸ. ಅಷ್ಟು ವರ್ಷ ಒಂದೇ ಮಾತನ್ನು ಬೇಸರವಿಲ್ಲದೆ, ಧ್ವನಿ ತಗ್ಗಿಸದೆ ಹೇಳುವುದು ಸುಲಭವಲ್ಲ, ಅಲ್ವಾ? ಕ್ರಮೇಣ ಅವರ ಜೊತೆಗೆ ವೆಳ್ಳಿಕ್ಕರ ಚೋದಿ, ಪೊಯ್ಕಯಿಲ್ ಯೋಹನ್ನಾನ್ ಅವರಂಥ ದಲಿತ ಮುಖಂಡರೂ ಸಭೆಗೆ ಬಂದರು. ಒಂದು ದನಿ ಹಲವಾಯಿತು.

ನಾರಾಯಣ ಗುರುಗಳು ಮಂಗಳೂರಿಗೆ ಬಂದು ಕುದ್ರೋಳಿಯಲ್ಲಿ ದೇವಸ್ಥಾನ ಸ್ಥಾಪಿಸಿದ್ದೂ ಅದೇ 1912ರಲ್ಲಿ. ಗುರುಗಳನ್ನು ನಮ್ಮ ಕರಾವಳಿ ಎದೆಗೆ ಹಚ್ಚಿಕೊಂಡಿತು. ಅಯ್ಯನ್‌ಕಾಳಿಗೆ ಗುರುಗಳ ಮೇಲೆ ಗೌರವವಿತ್ತು. ಆದರೆ ಅಯ್ಯನ್‌ಕಾಳಿಯ ಹೆಸರು ಮಾತ್ರ ಗಡಿ ದಾಟಿ ನಮ್ಮ ಕಡೆ ಅಷ್ಟಾಗಿ ಬರಲಿಲ್ಲ. ಇದು ನನಗೆ ಯಾವಾಗಲೂ ಬೇಸರದ ಸಂಗತಿ.

ಸಭೆಯಲ್ಲಿ ಕುರ್ಚಿ ಸಿಕ್ಕಿತು ಎಂದು ಅವರು ಬೀದಿ ಬಿಡಲಿಲ್ಲ. ಊರೂಟ್ಟಂಬಲಂ ಎಂಬ ಊರಿನ ಶಾಲೆಗೆ ಪಂಚಮಿ ಎಂಬ ಹುಡುಗಿಯ ಕೈ ಹಿಡಿದುಕೊಂಡು ಹೋದರು. ಸರ್ಕಾರದ ಆದೇಶ ಅವರ ಪರವಾಗಿತ್ತು. ಆದರೂ ಶಾಲೆಯವರು ಸೇರಿಸಿಕೊಳ್ಳುವುದಿಲ್ಲ ಎಂದರು. ಅಯ್ಯನ್‌ಕಾಳಿ ಹುಡುಗಿಯನ್ನು ಬೆಂಚಿನ ಮೇಲೆ ಕೂರಿಸಿದರು. ಗಲಾಟೆಯಾಯಿತು. ಆ ರಾತ್ರಿ ವಿರೋಧಿಗಳು ಶಾಲೆಗೇ ಬೆಂಕಿ ಇಟ್ಟರು. ಒಂದು ಹೆಣ್ಣು ಮಗು ಕೂತಿತು ಎಂದು ತಮ್ಮ ಮಕ್ಕಳ ಶಾಲೆಯನ್ನೇ ಸುಟ್ಟುಕೊಂಡರು. ಅರ್ಧ ಸುಟ್ಟ ಆ ಬೆಂಚನ್ನು ಇವತ್ತಿಗೂ ಅಲ್ಲಿ ಕಾಪಾಡಿಕೊಂಡು ಬಂದಿದ್ದಾರೆ. ಈಗ ಆ ಶಾಲೆಗೆ ಅಯ್ಯನ್‌ಕಾಳಿ ಮತ್ತು ಪಂಚಮಿ ಇಬ್ಬರ ಹೆಸರನ್ನೂ ಇಟ್ಟಿದ್ದಾರೆ.

1915ರಲ್ಲಿ ಕೊಲ್ಲಂ ಹತ್ತಿರದ ಪೆರಿನಾಡಿನಲ್ಲಿ ಇನ್ನೊಂದು ದೊಡ್ಡ ಘಟನೆ. ಪುಲಯ ಹೆಂಗಸರು ಕೊರಳಿಗೆ ಕಲ್ಲಿನ ಮಾಲೆಗಳನ್ನೇ ಹಾಕಬೇಕಿತ್ತು. ಅದು ಒಡವೆಯಲ್ಲ, ಕೀಳು ಎಂದು ತೋರಿಸುವ ಗುರುತು. ಅದನ್ನು ತೆಗೆಯುತ್ತೇವೆ ಎಂದು ಹೊರಟಾಗ ಪುಲಯರು ಸೇರಿದ್ದ ಸಭೆಯ ಮೇಲೆ ದಾಳಿ ನಡೆಯಿತು, ಗುಡಿಸಲುಗಳು ಸುಟ್ಟವು, ಜನ ಊರು ಬಿಟ್ಟು ಓಡಿದರು. ಅಯ್ಯನ್‌ಕಾಳಿ ಕೊಲ್ಲಂಗೆ ಬಂದು ಎರಡೂ ಕಡೆಯವರನ್ನು ಸೇರಿಸಿ ಸಭೆ ಕರೆದರು. ಅಷ್ಟು ಜನರಿಗೆ ಜಾಗ ಸಿಕ್ಕಿದ್ದು ಒಂದು ಸರ್ಕಸ್ ಡೇರೆಯಲ್ಲಿ. ನಾಯರ್ ಮುಖಂಡ ಚಂಗನಾಶ್ಶೇರಿ ಪರಮೇಶ್ವರನ್ ಪಿಳ್ಳೆ ಅಧ್ಯಕ್ಷರು. ಎಲ್ಲರ ಮುಂದೆ ಒಪ್ಪಿಗೆ ಪಡೆದು ಅಯ್ಯನ್‌ಕಾಳಿ ಹೆಂಗಸರಿಗೆ ಹೇಳಿದರು, ಕಿತ್ತುಹಾಕಿ ಎಂದು. ದಿನಾ ಪೈರು ಕೊಯ್ಯುವ ಕುಡುಗೋಲಿನಿಂದಲೇ ಅವರು ಮಾಲೆ ಕತ್ತರಿಸಿ ಎಸೆದರು. ವೇದಿಕೆಯ ಮುಂದೆ ಕಲ್ಲಿನ ಮಾಲೆಗಳ ಗುಡ್ಡೆಯೇ ಬಿತ್ತು. ನಮ್ಮ ಯಾವ ಶಾಸನಸಭೆಯ ನಿರ್ಣಯಕ್ಕೂ ಈ ಗುಡ್ಡೆ ಕಡಿಮೆಯಲ್ಲ.

ಈಗಷ್ಟೇ ಇಲ್ಲಿ ಒಬ್ಬ ಹುಡುಗ ಎದ್ದು ಕೇಳಿದ. ಓದಲು ಬಾರದವರು ಸರ್ಕಾರಕ್ಕೆ ಅರ್ಜಿ ಹೇಗೆ ಬರೆಯುತ್ತಿದ್ದರು ಸಾರ್? ಒಳ್ಳೆಯ ಪ್ರಶ್ನೆ. ಅಕ್ಷರ ಬಲ್ಲವರು ಅವರ ಜೊತೆಗಿದ್ದರು. ಅಯ್ಯನ್‌ಕಾಳಿ ಹೇಳುತ್ತಿದ್ದರು, ಅವರು ಬರೆಯುತ್ತಿದ್ದರು. ಇನ್ನೊಬ್ಬರ ಕೈಯಿಂದ ಬರೆಸುವ ಆ ಕಷ್ಟ ಅವರಿಗೆ ಎಷ್ಟು ಚುಚ್ಚಿರಬೇಕು ಎಂದು ಅವರ ಕೊನೆಯ ಆಸೆಯಿಂದ ತಿಳಿಯುತ್ತದೆ.

1936ರ ನವೆಂಬರ್ 12ರಂದು ತಿರುವಾಂಕೂರಿನಲ್ಲಿ ದೇವಸ್ಥಾನಗಳ ಬಾಗಿಲು ಎಲ್ಲಾ ಹಿಂದೂಗಳಿಗೆ ತೆರೆಯಿತು. ಎರಡು ತಿಂಗಳ ಆಮೇಲೆ, 1937ರ ಜನವರಿಯಲ್ಲಿ, ಗಾಂಧೀಜಿ ವೆಂಗಾನೂರಿಗೆ ಬಂದು ಅವರನ್ನು ಕಂಡರು. ಅಯ್ಯನ್‌ಕಾಳಿಗೆ ಆಗ ಎಪ್ಪತ್ತಮೂರು ವರ್ಷ. ನಿಮ್ಮ ಆಸೆ ಏನು ಎಂಬ ಮಾತು ಬಂತು. ದೇವಸ್ಥಾನದ ಬಗ್ಗೆ ಅವರು ಏನೂ ಕೇಳಲಿಲ್ಲ. ನಾನು ಸಾಯುವ ಮೊದಲು ನಮ್ಮ ಜನರಲ್ಲಿ ಹತ್ತು ಮಂದಿ ಬಿ.ಎ. ಪಾಸಾದವರನ್ನು ನೋಡಬೇಕು ಎಂದರು.

1941ರ ಜೂನ್ 18ರಂದು ಅವರು ತೀರಿಕೊಂಡರು.

ಆ ಜನರಲ್ಲೇ ಒಬ್ಬರ ಬಗ್ಗೆ ಹೇಳಿ ಮಾತು ನಿಲ್ಲಿಸುತ್ತೇನೆ. ಅಯ್ಯನ್‌ಕಾಳಿ ಪ್ರಜಾಸಭೆಯಲ್ಲಿ ಮೊದಲ ಮಾತಾಡಿದ 1912ರಲ್ಲೇ, ಪಕ್ಕದ ಕೊಚ್ಚಿ ಸಂಸ್ಥಾನದ ಮುಳವುಕಾಡ್ ದ್ವೀಪದಲ್ಲಿ, ಒಂದು ಪುಲಯ ಕುಟುಂಬದಲ್ಲಿ ಹೆಣ್ಣು ಮಗು ಹುಟ್ಟಿತು. ಹೆಸರು ದಾಕ್ಷಾಯಿಣಿ. ಎರ್ನಾಕುಲಂನ ಮಹಾರಾಜಾ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದರು. ಪ್ರಯೋಗಗಳನ್ನು ಮೇಷ್ಟ್ರು ಅವರಿಗೆ ಹತ್ತಿರದಿಂದ ತೋರಿಸುತ್ತಿರಲಿಲ್ಲ. ದೂರ ನಿಂತು ನೋಡಿಯೇ ಕಲಿತು 1935ರಲ್ಲಿ ಪದವಿ ಪಡೆದರು. 1946ರಲ್ಲಿ ದಾಕ್ಷಾಯಿಣಿ ವೇಲಾಯುಧನ್ ದೆಹಲಿಯಲ್ಲಿ ಸಂವಿಧಾನ ರಚನಾ ಸಭೆಯ ಸದಸ್ಯೆಯಾಗಿ ಕೂತಿದ್ದರು. ಆ ಸಭೆಯ ಹದಿನೈದು ಮಹಿಳೆಯರಲ್ಲಿ ದಲಿತ ಮಹಿಳೆ ಅವರೊಬ್ಬರೇ. ಆಗ ಅವರಿಗೆ ಮೂವತ್ತನಾಲ್ಕು ವರ್ಷ.